ಲಾರಿ ಮೇಲೆ ವಿನೈಲ್ ಅಕ್ಷರ: ಅಳತೆ, ಕಟಿಂಗ್, ಅಂಟಿಸುವುದು, ದರ – ಕಾಸರಗೋಡಿನ ಸ್ಟಿಕರ್ ಅಂಗಡಿಗಳಿಗೆ ಸಮಗ್ರ ಮಾರ್ಗದರ್ಶಿ

ತಲಪಾಡಿಯಿಂದ ಈಚೆಗೆ ಹೆದ್ದಾರಿ 66ರ ಬದಿಯಲ್ಲಿ ಸ್ಟಿಕರ್ ಅಂಗಡಿ ಇಟ್ಟವರಿಗೆ ದಿನಾ ಎದುರಾಗುವ ಪ್ರಶ್ನೆ ಒಂದೇ. "ಅಣ್ಣಾ, ಅಡಿಗೆ ಎಷ್ಟು?" ಮೀನಿನ ಗಾಡಿಯವರು, ಕೆಂಪುಕಲ್ಲಿನ ಲಾರಿಯವರು, ಬೇಕರಿ ಪಿಕಪ್‌ನವರು ಎಲ್ಲರೂ ಹೀಗೇ ಕೇಳುತ್ತಾರೆ. ನಮ್ಮವರೂ ಗಾಡಿ ನೋಡದೆ ಒಂದು ದರ ಹೇಳಿಬಿಡುತ್ತಾರೆ. ನಷ್ಟ ಶುರುವಾಗುವುದು ಅಲ್ಲಿಂದಲೇ.

ಚದರ ಅಡಿಯ ಲೆಕ್ಕ ಬ್ಯಾನರ್ ಪ್ರಿಂಟಿಗೆ ಸರಿ. ಅಲ್ಲಿ ಹೆಚ್ಚಿನ ಕೆಲಸ ಮೆಷಿನ್ ಮಾಡುತ್ತದೆ. ಕತ್ತರಿಸಿ ಅಂಟಿಸುವ ಅಕ್ಷರ ಹಾಗಲ್ಲ. ಅದರಲ್ಲಿ ವಿನೈಲ್‌ನ (ಹಿಂದೆ ಅಂಟು ಇರುವ ಪ್ಲಾಸ್ಟಿಕ್ ಹಾಳೆಯ) ಖರ್ಚು ಚಿಕ್ಕ ಪಾಲು, ಕೈಕೆಲಸದ ಹೊತ್ತು ದೊಡ್ಡ ಪಾಲು. ನಮ್ಮ ಗಡಿ ಊರುಗಳಲ್ಲಂತೂ ಒಂದೇ ಬಾಗಿಲಿನ ಮೇಲೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬೇಕು. ಆ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಹೇಗೆ, ಕೆಲಸವನ್ನು ಗಟ್ಟಿಯಾಗಿ ಮಾಡುವುದು ಹೇಗೆ ಎಂದು ಒಂದೊಂದಾಗಿ ನೋಡೋಣ. ಕೆಲಸ ಪೂರ್ತಿ ಅರ್ಥವಾಗದೆ ದರ ಹಾಕಲು ಬರುವುದಿಲ್ಲ. ಅದಕ್ಕೇ ದರದ ಮಾತು ಕೊನೆಯಲ್ಲಿದೆ.

1. ಗಾಡಿ ನೋಡದೆ ದರ ಬೇಡ

ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ "ಎಷ್ಟಾಗ್ತದೆ ಹೇಳಿ" ಎನ್ನುವವರು ಜಾಸ್ತಿ. ಫೋಟೊ ನೋಡಿ ಅಂದಾಜು ಹೇಳಬಹುದು, ದರ ಹೇಳಬಾರದು. ಫೋಟೊದಲ್ಲಿ ರಿವೆಟ್ ಕಾಣುವುದಿಲ್ಲ, ಎದ್ದ ಪೇಂಟ್ ಕಾಣುವುದಿಲ್ಲ, ತುಕ್ಕು ಕಾಣುವುದಿಲ್ಲ.

ಗಾಡಿ ಬಂದಾಗ ಎರಡೂ ಬದಿಯನ್ನು ಬೇರೆ ಬೇರೆಯಾಗಿ ಅಳೆಯಿರಿ. ಡೀಸೆಲ್ ಟ್ಯಾಂಕ್, ಹಗ್ಗ ಕಟ್ಟುವ ಕೊಕ್ಕೆ, ಸೈಡ್ ಲೈಟ್ ಎರಡೂ ಬದಿಗೆ ಒಂದೇ ಜಾಗದಲ್ಲಿ ಇರುವುದಿಲ್ಲ. ಬಾಗಿಲು ತೆರೆದು ಮುಚ್ಚಿ ನೋಡಿ. ಹಿಡಿಕೆ, ಕನ್ನಡಿಯ ಕೈ, ಸಂದು ಎಲ್ಲಿವೆ ಎಂದು ಗುರುತಿಸಿ. ಟೇಪ್ ಅಳತೆ ಹಿಡಿದೇ ಒಂದು ಫೋಟೊ ತೆಗೆದಿಡಿ. ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುವಾಗ ಅದು ಕೈಹಿಡಿಯುತ್ತದೆ.

ಆಮೇಲೆ ಪೇಂಟ್ ಪರೀಕ್ಷೆ ಮಾಡಿ. ಒಳ್ಳೆ ಅಂಟಿನ ಟೇಪ್ ಒಂದು ತುಂಡು ಒತ್ತಿ ಅಂಟಿಸಿ, ರಪ್ಪನೆ ಎಳೆಯಿರಿ. ಟೇಪಿನ ಜೊತೆ ಬಣ್ಣ ಎದ್ದು ಬಂದರೆ ಅಲ್ಲಿ ವಿನೈಲ್ ನಿಲ್ಲುವುದಿಲ್ಲ. ಮಾಲೀಕರಿಗೆ ಅದನ್ನು ಆಗಲೇ ತೋರಿಸಿ. ಹೊಸದಾಗಿ ಪೇಂಟ್ ಆದ ಬಾಡಿಯಾದರೆ ಕಾಯಿಸಿ. ಬಣ್ಣ ಮುಟ್ಟಲು ಒಣಗಿದಂತೆ ಇದ್ದರೂ ಒಳಗಿನ ಥಿನ್ನರ್ ಇನ್ನೂ ಹೊರಗೆ ಬರುತ್ತಿರುತ್ತದೆ. ಅದು ವಿನೈಲ್ ಅಡಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಗಾಳಿಯಲ್ಲಿ ಒಣಗುವ ಎನಾಮಲ್ ಪೇಂಟಿಗೆ ಕನಿಷ್ಠ ಮೂರು ವಾರ ಕೊಡಿ. ಮಳೆಗಾಲದಲ್ಲಿ ಇನ್ನೂ ಜಾಸ್ತಿ ಬೇಕು.

2. ಎಲ್ಲಿ ಏನು ಹಾಕಬಾರದು

ಇದನ್ನು ಗಿರಾಕಿ ಕೇಳುವ ಮೊದಲೇ ಹೇಳಿಬಿಡಿ. ನಂಬರ್ ಪ್ಲೇಟ್ ಕಟ್ ಮಾಡಿಕೊಡಬೇಡಿ. 2019ರ ಏಪ್ರಿಲ್ 1ರ ನಂತರದ ಹೊಸ ವಾಹನಗಳಿಗೆ ಹೈ ಸೆಕ್ಯೂರಿಟಿ ಪ್ಲೇಟ್ ಕಡ್ಡಾಯ. ಅದು ಗಾಡಿಯ ಜೊತೆಗೇ ಬರುತ್ತದೆ. ಕೆಎಲ್ 14 ಎಂದು ಅಂದದ ಫಾಂಟಿನಲ್ಲಿ ಮಾಡಿಕೊಟ್ಟರೆ ದಂಡ ಬೀಳುವುದು ನಿಮ್ಮನ್ನು ನಂಬಿ ಬಂದವರಿಗೆ.

ಲಾರಿಯ ಸುತ್ತ ಇರುವ ರಿಫ್ಲೆಕ್ಟಿವ್ ಟೇಪ್ ಮುಚ್ಚುವ ಹಾಗೆ ಏನನ್ನೂ ಅಂಟಿಸಬೇಡಿ. ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು. ರಾತ್ರಿ ಹೆದ್ದಾರಿಯಲ್ಲಿ ನಿಂತ ಲಾರಿ ಹಿಂದಿನವರಿಗೆ ಕಾಣುವುದು ಅದರಿಂದಲೇ. ನ್ಯಾಷನಲ್ ಪರ್ಮಿಟ್ ಗಾಡಿಯಾದರೆ ಆ ಹೆಸರನ್ನೋ "ಎನ್/ಪಿ" ಎಂದೋ ಮುಂದೆ ಹಿಂದೆ ದಪ್ಪ ಅಕ್ಷರದಲ್ಲಿ ಹಾಕಬೇಕು. ಅದಕ್ಕೆ ಜಾಗ ಬಿಟ್ಟೇ ಉಳಿದದ್ದನ್ನು ಜೋಡಿಸಿ. ಗ್ಯಾಸ್, ಆಸಿಡ್ ಟ್ಯಾಂಕರ್‌ಗಳ ಎಚ್ಚರಿಕೆ ಫಲಕಕ್ಕೆ ನಿಗದಿಯಾದ ನಮೂನೆ ಇದೆ. ಆ ನಮೂನೆಯನ್ನು ಕಂಪನಿಯಿಂದಲೇ ತರಿಸಿಕೊಳ್ಳಿ, ನಿಮ್ಮ ಕೈಯಿಂದ ಬಣ್ಣವನ್ನಾಗಲಿ ಅಳತೆಯನ್ನಾಗಲಿ ಬದಲಿಸಬೇಡಿ.

ಹಿಂಬದಿಗೆ "ಹಾರ್ನ್ ಓಕೆ ಪ್ಲೀಸ್" ಕೇಳುವವರು ಈಗಲೂ ಇದ್ದಾರೆ. ಮಹಾರಾಷ್ಟ್ರ 2015ರಲ್ಲೇ ಅದನ್ನು ನಿಷೇಧಿಸಿದೆ. ಮುಂಬೈ ಕಡೆ ಹೋಗುವ ಗಾಡಿಗೆ ಅದು ಬೇಡ. ಮುಂದಿನ ಗಾಜಿನ ಮೇಲೆ ಡ್ರೈವರ್‌ನ ಕಣ್ಣಿಗೆ ಅಡ್ಡ ಬರುವ ದೊಡ್ಡ ಹೆಸರೂ ಬೇಡ, ಯಾರು ಎಷ್ಟೇ ಒತ್ತಾಯ ಮಾಡಿದರೂ.

3. ಯಾವ ವಿನೈಲ್

ನಮ್ಮ ಕಡೆ ಎಲ್ಲದಕ್ಕೂ "ರೇಡಿಯಂ" ಎನ್ನುತ್ತಾರೆ. ಅಂಗಡಿಯವರು ಮಾತ್ರ ವ್ಯತ್ಯಾಸ ತಿಳಿದಿರಬೇಕು.

ಮೊನೊಮೆರಿಕ್ ಮತ್ತು ಪಾಲಿಮೆರಿಕ್ ಎರಡೂ ಬಿಸಿ ರೋಲರ್‌ಗಳ ನಡುವೆ ಒತ್ತಿ ಹಾಳೆ ಮಾಡಿದ ವಿನೈಲ್. ಎಳೆದು ಮಾಡಿದ್ದರಿಂದ ಬಿಸಿಲಿಗೆ ಹಿಂದಕ್ಕೆ ಕುಗ್ಗುವ ಗುಣ ಅದರಲ್ಲಿ ಉಳಿದಿರುತ್ತದೆ. ಮೊನೊಮೆರಿಕ್ ಜಾಸ್ತಿ ಕುಗ್ಗುತ್ತದೆ, ಪಾಲಿಮೆರಿಕ್ ಕಡಿಮೆ. ಕಾಸ್ಟ್ ವಿನೈಲನ್ನು ದ್ರವವಾಗಿ ಹರಡಿ ಒಣಗಿಸಿ ಮಾಡುತ್ತಾರೆ. ಸುಮಾರು 50 ಮೈಕ್ರಾನ್ ದಪ್ಪ, ಮೆತ್ತಗೆ, ಕುಗ್ಗುವುದು ತೀರಾ ಕಡಿಮೆ.

ಕುಗ್ಗಿದರೆ ಏನಾಗುತ್ತದೆ? ಅಕ್ಷರದ ಸುತ್ತ ಕೂದಲೆಳೆಯಷ್ಟು ಅಂಟು ಹೊರಗೆ ಉಳಿಯುತ್ತದೆ. ಅದಕ್ಕೆ ಧೂಳು ಹಿಡಿಯುತ್ತದೆ. ಕೆಂಪುಕಲ್ಲಿನ ಲಾರಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಕೆಂಪು ಗೆರೆ ಬರುತ್ತದೆ. ಅಗ್ಗದ ವಿನೈಲ್ ಹಾಕಿದ್ದಾರೆಂದು ದೂರದಿಂದಲೇ ಗೊತ್ತಾಗುತ್ತದೆ.

ನನ್ನ ಮಾತು ಇಷ್ಟು: ಸಪಾಟಾದ ಬಾಗಿಲು, ಸಪಾಟು ಬಾಡಿ ಆದರೆ ಪಾಲಿಮೆರಿಕ್ ಸಾಕು. ರಿವೆಟ್ ಇದ್ದರೆ, ಏರುತಗ್ಗಿನ ಕಂಟೇನರ್ ಆದರೆ ಕಾಸ್ಟ್ ಬೇಕೇ ಬೇಕು. ಮೊನೊಮೆರಿಕ್ ಹಬ್ಬದ ಆಫರ್ ಸ್ಟಿಕರಿಗೆ ಇರಲಿ, ಲಾರಿಗೆ ಬೇಡ. ಕಂಪನಿಗಳು ಹೇಳುವ ಬಾಳಿಕೆಯ ವರ್ಷಗಳಲ್ಲಿ ಹಲವು ತಂಪು ದೇಶದ ಲೆಕ್ಕದವು. ಅದನ್ನು ಹಾಗೇ ಗಿರಾಕಿಗೆ ಹೇಳಬೇಡಿ, ನಮ್ಮ ಬಿಸಿಲಿಗೆ ಇಳಿಸಿ ಹೇಳಿ.

ಬಣ್ಣಗಳಲ್ಲಿ ಕಪ್ಪು, ಬಿಳಿ ಹೆಚ್ಚು ಬಾಳುತ್ತವೆ. ಕೆಂಪು ಬೇಗ ಮಂಕಾಗುತ್ತದೆ. ಕಲ್ಲಿನ ಲಾರಿ, ಟಿಪ್ಪರ್‌ಗೆ ಕೆಂಪು, ಕಿತ್ತಳೆ ಅಕ್ಷರ ಹಾಕಿದರೆ ಧೂಳಿನಲ್ಲಿ ಕಾಣುವುದೇ ಇಲ್ಲ. ಬಿಳಿ ಕ್ಯಾಬಿನ್ ಮೇಲೆ ಕಪ್ಪು ಅಥವಾ ಗಾಢ ನೀಲಿ ಅಲ್ಲಿ ಒಳ್ಳೆಯದು.

4. ಅಕ್ಷರ ಜೋಡಣೆ: ಇಲ್ಲಿ ಹೊತ್ತು ಕೊಡಿ

ಹೆಚ್ಚಿನ ತೊಂದರೆ ಹುಟ್ಟುವುದು ಕಂಪ್ಯೂಟರಿನಲ್ಲಿ. ಹಳೆಯ ನುಡಿ, ಬರಹ ಫಾಂಟ್‌ಗಳ ಒಳಗಿನ ಸಂಕೇತ ಬೇರೆ, ವಾಟ್ಸಾಪ್‌ನಲ್ಲಿ ಬರುವ ಯೂನಿಕೋಡ್ ಬೇರೆ. ಗಿರಾಕಿ ಕಳಿಸಿದ ಹೆಸರನ್ನು ಹಾಗೇ ಪೇಸ್ಟ್ ಮಾಡಿ ಹಳೇ ಫಾಂಟ್ ಕೊಟ್ಟರೆ ಚೌಕಗಳೋ ಅರ್ಥವಿಲ್ಲದ ಚಿಹ್ನೆಗಳೋ ಬರುತ್ತವೆ. ಪರಿವರ್ತಕದಲ್ಲಿ ಬದಲಿಸಿ, ಇಲ್ಲವೇ ಯೂನಿಕೋಡ್ ಫಾಂಟನ್ನೇ ಬಳಸಿ. ನಾವು ಅಕ್ಷರ ಜೋಡಿಸುವ ಕೋರಲ್‌ಡ್ರಾ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಮುರಿದು ಬರುತ್ತದೆ. ಆಗ ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ. ಅದು ಉಚಿತ, ಒತ್ತುಗಳನ್ನು ಸರಿಯಾಗಿ ಕೂರಿಸುತ್ತದೆ. ಅಲ್ಲಿಯೇ ಅಕ್ಷರವನ್ನು ಪಾತ್ (ಗೆರೆಯ ಆಕಾರ) ಮಾಡಿ, ಪಿಡಿಎಫ್ ಅಥವಾ ಎಸ್‌ವಿಜಿ ಆಗಿ ಹೊರತೆಗೆದು ಕೋರಲ್‌ಗೆ ತಂದರೆ ಸರಿಯಾಗುತ್ತದೆ.

ಮುಂದಿನ ಹೆಜ್ಜೆಯನ್ನು ಯಾವತ್ತೂ ಬಿಡಬೇಡಿ. ಎಲ್ಲ ಅಕ್ಷರ ಆಯ್ಕೆ ಮಾಡಿ ವೆಲ್ಡ್ ಮಾಡಿ, ಅಂದರೆ ಒಂದರ ಮೇಲೊಂದು ಬಂದ ಭಾಗಗಳನ್ನು ಸೇರಿಸಿ ಒಂದೇ ಆಕಾರ ಮಾಡಿ. ಕನ್ನಡ ಫಾಂಟ್‌ಗಳಲ್ಲಿ ಗುಣಿತದ ಚಿಹ್ನೆ, ಒತ್ತು ಮೂಲ ಅಕ್ಷರದ ಮೇಲೆ ಸ್ವಲ್ಪ ಹತ್ತಿ ಕೂತಿರುತ್ತವೆ. ಪರದೆಯಲ್ಲಿ ಎಲ್ಲ ಕಪ್ಪಾಗಿ ಕಾಣುವುದರಿಂದ ಅದು ಗೊತ್ತಾಗುವುದಿಲ್ಲ. ಪ್ಲಾಟರ್ (ವಿನೈಲ್ ಕತ್ತರಿಸುವ ಮೆಷಿನ್) ಮಾತ್ರ ಪ್ರತಿ ಗೆರೆಯನ್ನೂ ಕತ್ತರಿಸುತ್ತದೆ, ಅಕ್ಷರದ ಮೈ ಮೇಲೂ. ಕಳಿಸುವ ಮುಂಚೆ ಬಣ್ಣ ತೆಗೆದು ಬರೀ ಗೆರೆಯಲ್ಲಿ ಒಮ್ಮೆ ನೋಡಿ. ಒಂದರ ಮೇಲೊಂದು ಹಾದ ಗೆರೆ ಕಂಡರೆ ವೆಲ್ಡ್ ಆಗಿಲ್ಲ.

ಎತ್ತರದ ವಿಷಯ. ಬೋರ್ಡ್ ಕೆಲಸದಲ್ಲಿ ರೂಢಿಯಲ್ಲಿರುವ ಲೆಕ್ಕ: ಆರಾಮಾಗಿ ಓದಲು 10 ಅಡಿ ದೂರಕ್ಕೆ 1 ಇಂಚು ಎತ್ತರ. ಇದು ಇಂಗ್ಲಿಷ್ ದೊಡ್ಡಕ್ಷರದ ಲೆಕ್ಕ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. "ಲಕ್ಷ್ಮೀ" ಎಂಬ ಒಂದೇ ಹೆಸರಿನಲ್ಲಿ ಎರಡು ಒತ್ತು ಇವೆ. ಸಾಲಿನ ಒಟ್ಟು ಎತ್ತರ 8 ಇಂಚು ಇದ್ದರೂ ನಡುವಿನ ಮೂಲ ಅಕ್ಷರ 4 ಇಂಚು ಮಾತ್ರ ಇರುತ್ತದೆ. ಓದುವುದು ಆ ನಡುವಿನ ಭಾಗವನ್ನು. ಆದ್ದರಿಂದ 40 ಅಡಿಗೆ ಕಾಣಬೇಕಾದರೆ ಮೂಲ ಅಕ್ಷರ 4 ಇಂಚು ಬರುವಂತೆ ಸಾಲಿಗೆ ಜಾಗ ಬಿಡಿ. ಕನ್ನಡದ ಸಾಲನ್ನೂ ಇಂಗ್ಲಿಷಿನ ಸಾಲನ್ನೂ ಒಂದೇ ಎತ್ತರದ ಚೌಕಕ್ಕೆ ತುರುಕಿದರೆ ಕನ್ನಡ ಸಣ್ಣದಾಗಿ ಕಾಣುತ್ತದೆ. ನಮ್ಮೂರಿನ ಎಷ್ಟೋ ಗಾಡಿಗಳ ಮೇಲೆ ಇದನ್ನು ನೋಡುವಾಗ ಬೇಜಾರಾಗುತ್ತದೆ, ಯಾಕೆಂದರೆ ಸರಿಮಾಡಲು ಒಂದು ನಿಮಿಷ ಸಾಕು.

ಫಾಂಟ್ ಆರಿಸುವಾಗ ಮೂರೂ ಲಿಪಿಗೆ ಹೊಂದುವ ಕುಟುಂಬ ಹಿಡಿಯಿರಿ. ಅನೇಕ್ ಫಾಂಟ್ ಕನ್ನಡದಲ್ಲೂ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಇದೆ, ದಪ್ಪ ಒಂದೇ ಸಮ ಬರುತ್ತದೆ. ಬಾಲೂ ತಮ್ಮ ಕನ್ನಡಕ್ಕೆ, ಬಾಲೂ ಚೆಟ್ಟನ್ ಮಲಯಾಳಕ್ಕೆ. ಇವೆಲ್ಲ ಉಚಿತ, ವ್ಯಾಪಾರಕ್ಕೂ ಬಳಸಬಹುದು. ಗೆರೆ 2 ಮಿಲಿಮೀಟರಿಗಿಂತ ತೆಳ್ಳಗಾದರೆ ಸುತ್ತಲಿನ ಬೇಡದ ವಿನೈಲ್ ಬಿಡಿಸುವಾಗ ಕಿತ್ತುಬರುತ್ತದೆ. ಒತ್ತಿನ ಗೆರೆಯನ್ನೇ ಅಳೆದು ನೋಡಿ, ಮೂಲ ಅಕ್ಷರದ್ದನ್ನಲ್ಲ.

ಮಲಯಾಳದಲ್ಲಿ ಹಳೆ ಲಿಪಿ, ಹೊಸ ಲಿಪಿ ಎಂದು ಎರಡು ರೀತಿ ಇದೆ. 1971ರ ಸುಧಾರಣೆಯ ನಂತರ ಹೊಸ ಲಿಪಿ ಬಂತು. ಅದರಲ್ಲಿ ಉಕಾರದಂಥ ಚಿಹ್ನೆಗಳು ಬಿಡಿಯಾಗಿ ಬರುತ್ತವೆ, ಹಾಗಾಗಿ ಸಾಲು ಉದ್ದವಾಗುತ್ತದೆ. ಯಾವುದು ಬೇಕೆಂದು ಮೊದಲೇ ಕೇಳಿ. ಹೆಸರನ್ನು ಮಾಲೀಕರ ಕೈಯಲ್ಲೇ ಬರೆಸಿಕೊಳ್ಳಿ. ಪ್ರೂಫನ್ನು ಮಲಯಾಳ ಓದುವವರಿಗೆ ಒಮ್ಮೆ, ಕನ್ನಡ ಓದುವವರಿಗೆ ಒಮ್ಮೆ ತೋರಿಸಿ. ಫೋನ್ ನಂಬರನ್ನು ಐದು ಐದು ಅಂಕೆಯಾಗಿ ಬಿಡಿಸಿ, ಆ ನಂಬರಿಗೆ ಒಂದು ಕರೆ ಮಾಡಿಯೇ ನೋಡಿ. "ಓಕೆ" ಎಂದು ಬರಹದಲ್ಲಿ ಬಂದ ಮೇಲೆ, ಅರ್ಧ ಹಣ ಕೈಗೆ ಬಂದ ಮೇಲೆ ಕಟಿಂಗ್.

5. ಕತ್ತರಿಸುವುದು, ಬಿಡಿಸುವುದು

ಸಾಮಾನ್ಯ ವಿನೈಲಿಗೆ 45 ಡಿಗ್ರಿ ಬ್ಲೇಡ್. ದಪ್ಪದ ರಿಫ್ಲೆಕ್ಟಿವ್‌ಗೆ 60 ಡಿಗ್ರಿ, ವೇಗ ಕಡಿಮೆ, ಒತ್ತಡ ಜಾಸ್ತಿ. ಹೊಸ ರೋಲ್ ಹಾಕಿದಾಗಲೆಲ್ಲ ಪರೀಕ್ಷೆಗೆ ಒಂದು ಸಣ್ಣ ಚೌಕ ಕತ್ತರಿಸಿ ಬಿಡಿಸಿ ನೋಡಿ. ಹಿಂದಿನ ಕಾಗದದ ಮೇಲೆ ತೆಳು ಗೀರು ಮಾತ್ರ ಇರಬೇಕು. ಕಾಗದವೇ ಕತ್ತರಿಸಿದ್ದರೆ ಒತ್ತಡ ಇಳಿಸಿ. ಚೌಕದ ಮೂಲೆ ದುಂಡಗಾದರೆ ಬ್ಲೇಡ್ ಆಫ್‌ಸೆಟ್ (ಬ್ಲೇಡಿನ ತುದಿ ನಡುವಿನಿಂದ ಎಷ್ಟು ಸರಿದಿದೆ ಎಂದು ಮೆಷಿನಿಗೆ ಕೊಡುವ ಅಳತೆ) ಸರಿ ಇಲ್ಲ. ಹೆಚ್ಚಿನ ಬ್ಲೇಡ್‌ಗಳಿಗೆ 0.25 ಮಿಲಿಮೀಟರ್ ಹೊಂದುತ್ತದೆ.

ಬೇಡದ ವಿನೈಲ್ ಬಿಡಿಸುವುದು ತಾಳ್ಮೆಯ ಕೆಲಸ. ಸಾಲುಗಳ ನಡುವೆ ಅಡ್ಡಗೆರೆ ಕತ್ತರಿಸಿಟ್ಟರೆ ಸಣ್ಣ ಸಣ್ಣ ಪಟ್ಟಿಯಾಗಿ ತೆಗೆಯಬಹುದು. ನೆಟ್ಟಗೆ ಮೇಲಕ್ಕೆ ಎಳೆಯಬೇಡಿ, ಹಿಂದಕ್ಕೆ ಮಡಚಿದಂತೆ ಮೆಲ್ಲಗೆ ಎಳೆಯಿರಿ. ಮೊದಲು ಹೊರಗಿನದು, ಆಮೇಲೆ ಅಕ್ಷರದ ಒಳಗಿನ ಹೊಟ್ಟೆಗಳು, ಅಂದರೆ ಗೆರೆ ಸುತ್ತುವರಿದ ಖಾಲಿ ಜಾಗಗಳು. ಇಂಗ್ಲಿಷಿನ ಹೆಚ್ಚಿನ ಅಕ್ಷರಗಳಲ್ಲಿ ಹೊಟ್ಟೆಯೇ ಇಲ್ಲ. ಕನ್ನಡ, ಮಲಯಾಳದಲ್ಲಿ ಸುರುಳಿಗಳೇ ಜಾಸ್ತಿ. ಅದೇ ಅಳತೆಯ ಸಾಲಿಗೆ ಹೊತ್ತು ಹೆಚ್ಚು ಹಿಡಿಯುವುದು ಇದಕ್ಕೇ.

ಮಳೆಗಾಲದಲ್ಲಿ ಹಿಂದಿನ ಕಾಗದ ತೇವ ಎಳೆದುಕೊಂಡು ಏಳುತ್ತದೆ, ಸಾಲು ಸೊಟ್ಟ ಹೋಗುತ್ತದೆ. ಉಳಿದ ರೋಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ಬಿಡಿಸಿದ ಮೇಲೆ ಅಪ್ಲಿಕೇಶನ್ ಟೇಪ್ (ಅಕ್ಷರಗಳನ್ನು ಒಟ್ಟಿಗೆ ಎತ್ತಿ ಗಾಡಿಗೆ ಅಂಟಿಸುವ ಟೇಪ್) ಹಾಕಿ ನಡುವಿನಿಂದ ಹೊರಕ್ಕೆ ಸ್ಕ್ವೀಜಿ (ಒತ್ತಿ ಸವರುವ ಪಟ್ಟಿ) ಎಳೆಯಿರಿ.

6. ಅಂಟಿಸುವುದು

ಮೊದಲು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಅದು ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ. ಬರೀ ಒದ್ದೆ ಬಟ್ಟೆ ಜಿಡ್ಡನ್ನು ಅಲ್ಲೇ ಹರಡುತ್ತದೆ. ಟೈರ್ ಪಾಲಿಶ್, ಡೀಸೆಲ್, ಮೀನಿನ ಗಾಡಿಯ ಎಣ್ಣೆ ಪಸೆ ಯಾವುದೂ ಉಳಿಯಬಾರದು.

ಮಾರ್ಚ್‌ನಿಂದ ಮೇವರೆಗೆ ನಡುಮಧ್ಯಾಹ್ನ ಅಂಟಿಸಬೇಡಿ. ಸುಡುವ ತಗಡಿಗೆ ಅಂಟು ಮುಟ್ಟಿದ ತಕ್ಷಣ ಹಿಡಿದುಬಿಡುತ್ತದೆ, ಸರಿಸಲು ಆಗುವುದಿಲ್ಲ. ಬೆಳಗ್ಗೆ, ನೆರಳಿನಲ್ಲಿ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿನ ಕೆಳಗೆ ಮಾತ್ರ. ರಿವೆಟ್ ಸುತ್ತ, ಬಾಗಿಲಿನ ರಬ್ಬರ್ ಅಡಿಯಲ್ಲಿ ನೀರು ನಿಂತಿರುತ್ತದೆ. ಹೀಟ್ ಗನ್ ಹಿಡಿದರೆ ಅದು ಹೊರಗೆ ಬರುತ್ತದೆ. ಪೂರ್ತಿ ಒಣಗಿದ ಮೇಲೇ ಮುಂದಿನ ಕೆಲಸ.

ಅಕ್ಷರದ ಹಾಳೆಯನ್ನು ಜಾಗದಲ್ಲಿ ಹಿಡಿದು ಟೇಪಿನಿಂದ ತಾತ್ಕಾಲಿಕವಾಗಿ ನಿಲ್ಲಿಸಿ. ಹತ್ತು ಅಡಿ ಹಿಂದೆ ಹೋಗಿ ನೋಡಿ. ಲಾರಿ ನಿಂತ ನೆಲ ಸಮ ಇರುವುದಿಲ್ಲ, ಆದ್ದರಿಂದ ಲೆವೆಲ್ ಮಟ್ಟವನ್ನು ನಂಬದೆ ಬಾಡಿಯ ಗೆರೆಗೆ ಸರಿಯಾಗಿ ಅಳೆಯಿರಿ. ಸರಿ ಎನಿಸಿದ ಮೇಲೆ ನಡುವೆ ಮೇಲಿಂದ ಕೆಳಕ್ಕೆ ಒಂದು ಮಾಸ್ಕಿಂಗ್ ಟೇಪ್ ಪಟ್ಟಿ ಹಾಕಿ. ಒಂದು ಅರ್ಧವನ್ನು ಮಡಚಿ, ಹಿಂದಿನ ಕಾಗದ ಕತ್ತರಿಸಿ ತೆಗೆದು, ನಡುವಿನಿಂದ ಹೊರಕ್ಕೆ ಒತ್ತುತ್ತಾ ಹೋಗಿ. ಆಮೇಲೆ ಪಟ್ಟಿ ತೆಗೆದು ಇನ್ನೊಂದು ಅರ್ಧ. ದೊಡ್ಡ ಸಪಾಟು ಅಕ್ಷರಕ್ಕೆ ಸೋಪು ನೀರಿನ ಹನಿ ಸಿಂಪಡಿಸಿ ಮಾಡುವ ರೀತಿಯೂ ಇದೆ. ರಿವೆಟ್ ಇರುವಲ್ಲಿ ಅದು ಬೇಡ.

ರಿವೆಟ್ ಮೇಲೆ ವಿನೈಲ್ ಗುಡಾರದ ಹಾಗೆ ಎದ್ದು ನಿಲ್ಲುತ್ತದೆ. ಸುತ್ತ ಸೂಜಿಯಿಂದ ಎರಡು ಮೂರು ತೂತು ಚುಚ್ಚಿ, ಹೀಟ್ ಗನ್ ಹಿಡಿದು, ಗಟ್ಟಿ ಕೂದಲಿನ ರಿವೆಟ್ ಬ್ರಷ್‌ನಿಂದ ಸುತ್ತಲೂ ಒತ್ತಿ. ಬಾಗಿಲಿನ ಸಂದಿಗೆ ಅಕ್ಷರ ಅಡ್ಡ ಬಂದರೆ ಸಂದಿನ ಎರಡೂ ಬದಿ 2–3 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಅಂಚಿನವರೆಗೆ ಎಳೆದರೆ ಬಾಗಿಲು ಹಾಕಿದಾಗಲೆಲ್ಲ ಅಲ್ಲಿಂದಲೇ ಏಳುತ್ತದೆ. ಮೀನಿನ ಗಾಡಿಗಳ ಫೈಬರ್ ಪೆಟ್ಟಿಗೆಯಲ್ಲಿ ಕೆಳಗಿನ ಅಂಚಿನ ಹತ್ತಿರ ಏನೂ ಹಾಕಬೇಡಿ. ಐಸ್ ನೀರು, ಉಪ್ಪು, ದಿನಾ ಪಂಪ್ ನೀರು ಎಲ್ಲ ಬಡಿಯುವುದು ಅಲ್ಲಿಗೇ.

7. ಹಳೆ ಅಕ್ಷರ

ಹೀಟ್ ಗನ್ನಿನಿಂದ ಮೆತ್ತಗೆ ಮಾಡಿ, ಓರೆಯಾಗಿ ನಿಧಾನ ಎಳೆಯಿರಿ. ಉಳಿದ ಅಂಟಿಗೆ ಸೀಮೆಎಣ್ಣೆ, ಆಮೇಲೆ ಸೋಪು, ಆಮೇಲೆ ಆಲ್ಕೋಹಾಲ್. ಅಡಿಯ ಬಣ್ಣ ಹೊಸತಾಗಿಯೇ ಉಳಿದು ಹಳೆ ಹೆಸರಿನ ನೆರಳು ಕಾಣುತ್ತದೆ. ಅದು ಹೋಗುವುದಿಲ್ಲ ಎಂದು ಮೊದಲೇ ಹೇಳಿ. ಒಣಗಿ ಚೂರುಚೂರಾಗುವ ಹಳೆ ಸ್ಟಿಕರಿಗೆ ಎಷ್ಟು ಹೊತ್ತು ಬೇಕೆಂದು ಯಾರಿಗೂ ಮುಂಚೆ ಗೊತ್ತಾಗುವುದಿಲ್ಲ. ಇದಕ್ಕೆ ಗಂಟೆಯ ಲೆಕ್ಕ ಮಾತ್ರ.

8. ಈಗ ದರ

ಮೊದಲು ನಿಮ್ಮ ಅಂಗಡಿಯ ಒಂದು ಗಂಟೆಗೆ ಎಷ್ಟು ಬೀಳುತ್ತದೆ ಎಂದು ತಿಳಿದುಕೊಳ್ಳಿ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು, ನಿಮ್ಮದನ್ನು ಹಾಕಿಕೊಳ್ಳಿ.

ಬಾಡಿಗೆ, ಕರೆಂಟ್, ಪ್ಲಾಟರ್ ಸಾಲದ ಕಂತು, ಬ್ಲೇಡ್, ಫೋನ್ ಸೇರಿ ತಿಂಗಳಿಗೆ 22,000 ರೂಪಾಯಿ ಎನ್ನೋಣ. ನಿಮ್ಮ ಸಂಬಳ 30,000, ಹುಡುಗನದ್ದು 20,000. ನಿಮ್ಮ ಸಂಬಳ ಬರೆಯಲು ಮರೆಯಬೇಡಿ, ಹೆಚ್ಚಿನವರು ಬಿಡುವುದು ಅದನ್ನೇ. ಒಟ್ಟು 72,000. ಇಬ್ಬರು 25 ದಿನ, ದಿನಕ್ಕೆ 8 ಗಂಟೆ ಎಂದರೆ 400 ಗಂಟೆ. ಅಷ್ಟೂ ಗಂಟೆ ಹಣವಾಗುವುದಿಲ್ಲ. ಮಂಗಳೂರಿಗೆ ಸಾಮಾನು ತರಲು ಹೋಗುವುದು, ಸುಮ್ನೆ ದರ ಕೇಳಿ ಹೋಗುವವರು, ಕರೆಂಟ್ ಇಲ್ಲದ ಹೊತ್ತು ಎಲ್ಲ ಕಳೆದು 240 ಗಂಟೆ ಉಳಿದರೆ ಒಳ್ಳೆಯದು. 72,000ವನ್ನು 240ರಿಂದ ಭಾಗಿಸಿದರೆ ಗಂಟೆಗೆ 300 ರೂಪಾಯಿ. ಇದು ಲಾಭವಲ್ಲ, ಅಂಗಡಿ ತೆರೆದಿಡುವ ಖರ್ಚು.

ಇನ್ನು ಒಂದು ಮಧ್ಯಮ ಲಾರಿ. ಪ್ರತಿ ಬದಿಗೆ 5 ಅಡಿ ಉದ್ದದ 8 ಇಂಚಿನ ಕನ್ನಡ ಸಾಲು, ಅಷ್ಟೇ ಉದ್ದದ 6 ಇಂಚಿನ ಮಲಯಾಳ ಸಾಲು, 4 ಇಂಚಿನ ಫೋನ್ ನಂಬರ್. ಮೂರೂ 2 ಅಡಿ ಅಗಲದ ರೋಲಿನಲ್ಲಿ ಕೂರುತ್ತವೆ. ಅಂಚು ಸೇರಿ ಐದೂವರೆ ಅಡಿ ರೋಲ್, ಅಂದರೆ 11 ಚದರ ಅಡಿ. ಎರಡು ಬದಿಗೆ 22, ಹಿಂಬದಿಗೆ 8, ಒಟ್ಟು 30. ಗಿರಾಕಿ ಅಕ್ಷರವನ್ನು ಮಾತ್ರ ಅಳೆಯುತ್ತಾರೆ, ನೀವು ಹಣ ಕೊಟ್ಟಿರುವುದು ರೋಲಿಗೆ. ವಿನೈಲ್ ಮತ್ತು ಟೇಪ್ ಸೇರಿ ಚದರ ಅಡಿಗೆ 40 ಎಂದರೆ 1,200. ಹಾಳಾಗುವುದಕ್ಕೆ ಶೇಕಡಾ 10 ಸೇರಿಸಿ 1,320.

ಹೊತ್ತು: ಅಳತೆ ಮತ್ತು ಜೋಡಣೆ ಒಂದೂವರೆ ಗಂಟೆ. ಪ್ರೂಫ್, ತಿದ್ದುಪಡಿ ಅರ್ಧ. ಕಟಿಂಗ್ ಅರ್ಧ. ಬಿಡಿಸಿ ಟೇಪ್ ಹಾಕಲು ಎರಡು. ಒರೆಸಲು ಒಂದು. ಅಂಟಿಸಲು ಇಬ್ಬರಿಗೆ ಎರಡೆರಡು ಗಂಟೆ, ಅಂದರೆ ನಾಲ್ಕು. ಒಟ್ಟು ಒಂಬತ್ತೂವರೆ ಗಂಟೆ, 2,850 ರೂಪಾಯಿ. ಸಾಮಾನು ಸೇರಿ 4,170. ಶೇಕಡಾ 20 ಲಾಭ ಹಾಕಿದರೆ 5,004. ಗಿರಾಕಿಗೆ 5,000 ಎನ್ನಿ, ಜಿಎಸ್‌ಟಿ ಬಿಲ್ ಆದರೆ ತೆರಿಗೆ ಬೇರೆ.

ಇದನ್ನೇ "ಅಡಿಗೆ 80" ಎಂದಿದ್ದರೆ ಸಿಗುತ್ತಿದ್ದದ್ದು 2,400. ಖರ್ಚೇ 4,170 ಇರುವಾಗ 1,770 ನಷ್ಟ. ದಿನವಿಡೀ ಕೆಲಸ ಇದ್ದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯದ ಅಂಗಡಿಗಳ ಕಥೆ ಇದೇ ಅಲ್ವಾ?

"ನಮ್ಮದು ಇನ್ನೂ ನಾಲ್ಕು ಗಾಡಿ ಇದೆ, ಕಮ್ಮಿ ಮಾಡಿ" ಎಂದರೆ ಮಾಡಬಹುದು. ಎಲ್ಲಿಂದ ಕಮ್ಮಿ ಮಾಡುತ್ತೀರಿ ಎಂಬುದು ಮುಖ್ಯ. ಅದೇ ಮಾದರಿಯ ಎರಡನೇ ಗಾಡಿಗೆ ಜೋಡಣೆ, ಪ್ರೂಫ್ ಎರಡು ಗಂಟೆ ಉಳಿಯುತ್ತದೆ. ಏಳೂವರೆ ಗಂಟೆಗೆ 2,250, ಸಾಮಾನು 1,320, ಸೇರಿ 3,570. ಲಾಭ ಸಮೇತ 4,284. ಅಂದರೆ 4,300ಕ್ಕೆ ಕೊಟ್ಟರೂ ನಿಮ್ಮ ಶೇಕಡಾ 20 ಲಾಭ ಹಾಗೇ ಇರುತ್ತದೆ. ಅದಕ್ಕೇ ಪ್ರತಿ ಗಾಡಿಯ ಫೈಲನ್ನು ಮಾದರಿ, ಅಳತೆ, ಬಣ್ಣದ ನಂಬರ್ ಸಮೇತ ಜೋಪಾನವಾಗಿಡಿ. ಗುದ್ದಿದ ಬಾಗಿಲು ಬದಲಿಸಿಕೊಂಡು ಬಂದಾಗ ಒಂದು ಬದಿ ಮಾತ್ರ ಕತ್ತರಿಸಿಕೊಡಬಹುದು.

ದರವನ್ನು ಬಾಯಲ್ಲಿ ಹೇಳದೆ ಒಂದು ಹಾಳೆಯಲ್ಲಿ ಬರೆದುಕೊಡಿ. ವಿನೈಲಿನ ಜಾತಿ, ಬಣ್ಣ, ಸಾಲುಗಳ ಅಳತೆ, ಹಳೆ ಅಕ್ಷರ ತೆಗೆಯುವ ಗಂಟೆಯ ದರ, ನೀವೇ ಗಾಡಿ ಇರುವಲ್ಲಿಗೆ ಹೋಗುವುದಾದರೆ ಓಡಾಟದ ಖರ್ಚು ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರಲಿ. ಕೆಳಗೆ ಇಷ್ಟು ಸೇರಿಸಿ: ಎರಡು ದಿನ ಗಾಡಿ ತೊಳೆಯಬಾರದು, ಆಮೇಲೂ ಪಂಪಿನ ನಳಿಕೆ ಅಕ್ಷರದಿಂದ ಒಂದು ಅಡಿ ದೂರ ಇರಬೇಕು, ಎದ್ದ ಪೇಂಟಿನ ಜೊತೆ ಕಿತ್ತುಬಂದ ಅಕ್ಷರಕ್ಕೆ ಗ್ಯಾರಂಟಿ ಇಲ್ಲ, ನಮ್ಮ ಕೆಲಸದಿಂದ ಅಂಚು ಎದ್ದರೆ ಉಚಿತವಾಗಿ ಸರಿಮಾಡಿ ಕೊಡುತ್ತೇವೆ.